ರೋಧ ಹೇಳುವ ಬಿರುಕು, ಕಣ್ಣು ಕಾಣುವ ಬಿರುಕು: ಕಾರ್ಬನ್ ಕಾಂಪೊಸಿಟ್ ಪರೀಕ್ಷೆಗೆ ದೋಷ ನಿವಾರಣೆ ಕೈಪಿಡಿ

ಕಾರ್ಬನ್ ಎಳೆ ತಾನೇ ವಿದ್ಯುತ್ ಹರಿಸುತ್ತದೆ. ಹಾಗಾಗಿ ಈ ಎಳೆಗಳನ್ನು ರಾಳದಲ್ಲಿ (ಎಪಾಕ್ಸಿಯಂಥ ಅಂಟು) ಕೂರಿಸಿ ಪದರ ಪದರವಾಗಿ ಮಾಡಿದ ಕಾರ್ಬನ್ ಕಾಂಪೊಸಿಟ್ಟಿನಲ್ಲಿ ಪದರ ಬಿಡುವುದನ್ನು ಅಳೆಯಲು ಬೇರೆ ಸೆನ್ಸರ್ ಅಂಟಿಸಬೇಕಿಲ್ಲ. ಬಿರುಕು ಮುಂದೆ ಹೋದಷ್ಟೂ ವಿದ್ಯುತ್ತು ಸುತ್ತಿ ಬರಬೇಕಾದ ದಾರಿ ಉದ್ದವಾಗುತ್ತದೆ, ರೋಧ ಏರುತ್ತದೆ. ಆದರೆ ಮೀಟರಿಗೆ ಬಿರುಕಿನ ಗುರುತಿಲ್ಲ, ಅದು ತೋರಿಸುವುದು ವೋಲ್ಟೇಜನ್ನು ಮಾತ್ರ. ತಂತಿಯ ಬಿಸಿ, ಸಡಿಲವಾದ ಸಿಲ್ವರ್ ಪೇಂಟ್, ಗ್ರಿಪ್ಪಿನ ಶಾರ್ಟ್, ಬಿರುಕಿನ ನಡುವೆ ತುಂಡಾಗದೆ ಉಳಿದ ನಾಲ್ಕು ಎಳೆ, ಇವೆಲ್ಲ ಆ ವೋಲ್ಟೇಜಿನಲ್ಲಿ ಬೆರೆತೇ ಬರುತ್ತವೆ.

ಇಲ್ಲಿ ಹಿಡಿದಿರುವುದು ಎರಡು ತೋಳಿನ ಬಾಯಿತೆರೆ ಪರೀಕ್ಷೆ, ಎಎಸ್‌ಟಿಎಂ ಡಿ5528 ಮತ್ತು ಐಎಸ್‌ಒ 15024 ಮಾನದಂಡಗಳು ವಿವರಿಸುವ ಡಿಸಿಬಿ (ಡಬಲ್ ಕ್ಯಾಂಟಿಲಿವರ್ ಬೀಮ್). ಎಳೆಗಳೆಲ್ಲ ಉದ್ದಕ್ಕೆ ಇರುವ, 25 ಮಿಮೀ ಅಗಲ, 3 ಮಿಮೀ ದಪ್ಪದ ಪಟ್ಟಿ. ನಡುಪದರದಲ್ಲಿ 13 ಮೈಕ್ರಾನ್ ಮೀರದ ಫಿಲ್ಮ್ ಇಟ್ಟು ಮಾಡಿದ ಆರಂಭದ ಬಿರುಕು. ಬಾಯಿಯ ತುದಿಯಲ್ಲಿ ಮೇಲಿನ ತೋಳಿನಿಂದ ಪ್ರವಾಹ ಒಳಗೆ, ಕೆಳಗಿನ ತೋಳಿನಿಂದ ಹೊರಗೆ. ವೋಲ್ಟೇಜ್ ತಂತಿಗಳು ಬೇರೆ, ಪ್ರವಾಹದ ತುದಿಯಿಂದ ಕೆಲವು ಮಿಮೀ ಒಳಗೆ. ಕೆಳಗೆ ‘ಬಿರುಕಿನ ಉದ್ದ’ ಎಂದಲ್ಲೆಲ್ಲ ಅದು ವೋಲ್ಟೇಜ್ ಬಿಂದುವಿನಿಂದ ಬಿರುಕಿನ ಮೊನೆಯವರೆಗಿನ ಉದ್ದ.

ಮೊದಲು ಅಂಕಿಗಳ ಅಳತೆ ಗೊತ್ತಿರಲಿ

ಎಷ್ಟು ಮೈಕ್ರೋವೋಲ್ಟ್ ಏರಿದರೆ ಒಂದು ಮಿಮೀ ಬಿರುಕು ಎಂಬುದು ತಿಳಿಯದೆ ದೋಷ ಹುಡುಕಲು ಕೂತರೆ ದಿನವೆಲ್ಲ ತಂತಿ ಅಲ್ಲಾಡಿಸುವುದೇ ಆಗುತ್ತದೆ. ಎಳೆಯ ದಿಕ್ಕಿನ ರೋಧಕತೆ 0.00003 ಓಮ್-ಮೀಟರ್ ಎಂದಿಟ್ಟುಕೊಳ್ಳಿ. ಸಾಮಾನ್ಯ ಕಾರ್ಬನ್ ಎಳೆಯನ್ನು ಸುಮಾರು 60 ಶೇಕಡಾ ತುಂಬಿದ ಪಟ್ಟಿಗೆ ಇದು ಹೊಂದುವ ಅಂಕಿ. ಒಂದು ತೋಳಿನ ದಪ್ಪ 1.5 ಮಿಮೀ. ಎರಡು ತೋಳೂ ಸೇರಿ ಒಂದು ಮಿಮೀ ಉದ್ದಕ್ಕೆ 1.6 ಮಿಲಿಓಮ್ ಆಗುತ್ತದೆ. 100 ಮಿಲಿಆಂಪ್ ಹರಿಸಿದರೆ 160 ಮೈಕ್ರೋವೋಲ್ಟ್. ಮಾದರಿಯ ಒಟ್ಟು ರೋಧ 0.2 ಓಮ್ ಆಸುಪಾಸು.

ಇಷ್ಟು ಗೊತ್ತಾದರೆ ಎರಡು ತಂತಿಯ ಅಳತೆ ಏಕೆ ಕೂಡದು ಎಂಬುದು ತಾನಾಗಿ ತಿಳಿಯುತ್ತದೆ. 0.2 ಚದರ ಮಿಮೀ ತಾಮ್ರದ ತಂತಿ ಒಂದು ಮೀಟರ್ ಉದ್ದಕ್ಕೆ 86 ಮಿಲಿಓಮ್ ಇರುತ್ತದೆ. ಒಂದೊಂದು ಮೀಟರಿನ ಎರಡು ತಂತಿ ಸೇರಿದರೆ ಮಾದರಿಯಷ್ಟೇ ರೋಧ. ತಾಮ್ರದ ರೋಧ ಡಿಗ್ರಿಗೆ ಸುಮಾರು 0.39 ಶೇಕಡಾ ಏರುವುದರಿಂದ ಕೋಣೆ ಒಂದು ಡಿಗ್ರಿ ಬಿಸಿಯಾದರೆ 0.67 ಮಿಲಿಓಮ್ ಹೆಚ್ಚುತ್ತದೆ. ಮಧ್ಯಾಹ್ನದ ಬಿಸಿಲಿಗೆ ಬಿರುಕು ಬೆಳೆದಂತೆ ಕಾಣುವುದು ಹೀಗೆ. ನಾಲ್ಕು ತಂತಿಯ ಅಳತೆ (ಪ್ರವಾಹಕ್ಕೆ ಎರಡು, ವೋಲ್ಟೇಜಿಗೆ ಬೇರೆ ಎರಡು) ಇಲ್ಲದಿದ್ದರೆ ಮುಂದೆ ಓದುವುದರಿಂದ ಪ್ರಯೋಜನವಿಲ್ಲ.

ಲೋಡ್ ಹಾಕುವ ಮೊದಲೇ ರೀಡಿಂಗ್ ಅಲೆದಾಡುತ್ತಿದೆ

ಮಾದರಿಯನ್ನು ಮೇಜಿನ ಮೇಲೆ ಮರದ ಅಥವಾ ಪ್ಲಾಸ್ಟಿಕ್ ತುಂಡಿನ ಮೇಲಿಟ್ಟು ಹತ್ತು ನಿಮಿಷ ರೀಡಿಂಗ್ ಬರೆದುಕೊಳ್ಳಿ. ಅಲೆದಾಟ 0.2 ಮಿಲಿಓಮ್‌ಗಿಂತ ಹೆಚ್ಚಿದ್ದರೆ, ಅಂದರೆ ಸುಮಾರು 0.1 ಮಿಮೀ ಬಿರುಕಿನಷ್ಟಿದ್ದರೆ, ಈ ಕ್ರಮದಲ್ಲಿ ಹೋಗಿ.

1. ಪ್ರವಾಹದ ದಿಕ್ಕು ತಿರುಗಿಸಿ. ಧನ ರೀಡಿಂಗಿನಿಂದ ಋಣ ರೀಡಿಂಗ್ ಕಳೆದು ಎರಡರಿಂದ ಭಾಗಿಸಿದ ಬೆಲೆ ನಿಂತಿದ್ದು, ಒಂದೊಂದೇ ದಿಕ್ಕಿನ ಬೆಲೆ ಅಲೆಯುತ್ತಿದ್ದರೆ ಅದು ಉಷ್ಣ ವೋಲ್ಟೇಜ್. ತಾಮ್ರ, ಬೆಸುಗೆ, ಬೆಳ್ಳಿ, ಕಾರ್ಬನ್ ಸೇರುವ ಕಡೆಗಳಲ್ಲಿ ಡಿಗ್ರಿಗೆ ಕೆಲವು ಮೈಕ್ರೋವೋಲ್ಟ್ ಹುಟ್ಟುತ್ತದೆ. ಪರೀಕ್ಷೆ ಪೂರ್ತಿ ದಿಕ್ಕು ತಿರುಗಿಸುತ್ತಲೇ ಅಳೆಯಿರಿ, ಅಷ್ಟು ಸಾಕು. ಆಕ್ಸೈಡ್ ಕಟ್ಟಿದ ತಾಮ್ರದ ತುದಿ ಇದ್ದರೆ ಮಾತ್ರ ಉಜ್ಜಿ ಹೊಸದಾಗಿ ಸೇರಿಸಿ, ಅಲ್ಲಿ ಹುಟ್ಟುವ ವೋಲ್ಟೇಜ್ ನೂರಾರು ಪಟ್ಟು ಹೆಚ್ಚು.

2. ಮೀಟರಿನ ಒಂದು ಓದಿನ ಅವಧಿ ನೋಡಿ. ನಮ್ಮ ಮೇನ್ಸ್ 50 ಹರ್ಟ್ಸ್, ಆದ್ದರಿಂದ ಅವಧಿ 20 ಮಿಲಿಸೆಕೆಂಡಿನ ಪೂರ್ಣ ಗುಣಕವಾಗಿರಬೇಕು. 60 ಹರ್ಟ್ಸ್‌ಗೆ ಇಟ್ಟ ಮೀಟರ್ ಬಂದಿದ್ದರೆ ರೀಡಿಂಗ್ ಸುಮ್ಮನೆ ಮಿಡಿಯುತ್ತಿರುತ್ತದೆ. ಮೆನುವಿನಲ್ಲಿ ಒಂದು ಸಾಲು ಬದಲಿಸಿದರೆ ಮುಗಿಯಿತು.

3. ಪ್ರವಾಹವನ್ನು ಅರ್ಧ ಮಾಡಿ. ರೋಧವೇ ಬದಲಾದರೆ ಎಲ್ಲೋ ಬಿಸಿಯಾಗುತ್ತಿದೆ ಅಥವಾ ಸಂಪರ್ಕ ಕೆಟ್ಟಿದೆ. 100 ಮಿಲಿಆಂಪ್‌ಗೆ ಮಾದರಿಯಲ್ಲಿ ಹುಟ್ಟುವುದು ಬರೀ 2 ಮಿಲಿವ್ಯಾಟ್. 1 ಆಂಪ್ ಹಾಕಿದರೆ 0.2 ವ್ಯಾಟ್, ಅದರ ಜೊತೆ ಅರ್ಧ ಓಮಿನ ಸಂಪರ್ಕವಿದ್ದರೆ ಅಲ್ಲೇ ಇನ್ನರ್ಧ ವ್ಯಾಟ್. ಸಿಗ್ನಲ್ ಚಿಕ್ಕದೆಂದು ಪ್ರವಾಹ ಏರಿಸುವ ಬದಲು ಸರಾಸರಿ ತೆಗೆದುಕೊಳ್ಳುವ ಓದುಗಳನ್ನು ಹೆಚ್ಚಿಸಿ.

4. ಉಳಿದದ್ದು ಸಂಪರ್ಕ. ಒಂದೇ ತೋಳಿನ ಪ್ರವಾಹ ಬಿಂದು ಮತ್ತು ವೋಲ್ಟೇಜ್ ಬಿಂದುಗಳ ನಡುವೆ ಸಾಧಾರಣ ಮಲ್ಟಿಮೀಟರ್ ಇಟ್ಟು ನೋಡಿ, ಪ್ರೋಬ್ ತಂತಿಯ ರೋಧ ಕಳೆಯಿರಿ. 1 ಓಮ್‌ಗಿಂತ ಕೆಳಗಿದ್ದರೆ ನೆಮ್ಮದಿ, 10 ಮೀರಿದರೆ ಕಿತ್ತು ಹೊಸದಾಗಿ ಹಾಕಿ.

ಸಂಪರ್ಕ ಕೆಡುವುದು ಬಹುತೇಕ ಒಂದೇ ಕಾರಣಕ್ಕೆ: ಮೇಲಿನ ರಾಳದ ತೆಳು ಪದರ ಹೋಗಿರುವುದಿಲ್ಲ. ಪ್ರವಾಹವನ್ನು ತೋಳಿನ ತುದಿಯ ಕತ್ತರಿಸಿದ ಮುಖದಿಂದ ಕೊಡಿ, ಮೇಲ್ಮೈಯಿಂದ ಬೇಡ. ಮೇಲ್ಮೈಯಿಂದ ಕೊಟ್ಟರೆ ವಿದ್ಯುತ್ತು ಮೊದಲ ಪದರದಲ್ಲೇ ಓಡಿ ಒಳಪದರಗಳಿಗೆ ನಿಧಾನಕ್ಕೆ ಇಳಿಯುತ್ತದೆ, ಲೆಕ್ಕ ತೋಳಿನ ಪೂರ್ತಿ ದಪ್ಪಕ್ಕೆ ಹೊಂದುವುದಿಲ್ಲ. ತುದಿಯ ಮುಖವನ್ನು 400, ಆಮೇಲೆ 600 ನಂಬರಿನ ಎಮೆರಿ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಣಗಲು ಬಿಟ್ಟು, ಸಿಲ್ವರ್ ಎಪಾಕ್ಸಿಯಿಂದ ತಂತಿ ಕೂರಿಸಿ. ಅಗ್ಗದ ಸಿಲ್ವರ್ ಪೇಂಟ್ ವೋಲ್ಟೇಜ್ ಬಿಂದುಗಳಿಗೆ ಆದೀತು, ಪ್ರವಾಹಕ್ಕೆ ನಂಬಬೇಡಿ. ದ್ರಾವಕ ಪೂರ್ತಿ ಆರುವವರೆಗೂ ಅದರ ರೋಧ ಇಳಿಯುತ್ತಲೇ ಇರುತ್ತದೆ, ಅದೂ ಒಂದು ಅಲೆದಾಟ. ತಂತಿ ತೆಳುವಾಗಿ ಮೆತ್ತಗಿರಲಿ, ಸಡಿಲ ಸುರುಳಿ ಬಿಟ್ಟು ತೋಳಿಗೆ ಒಂದು ಚೂರು ಟೇಪಿನಿಂದ ಕಟ್ಟಿ, ಎಳೆತವೆಲ್ಲ ಟೇಪಿನ ಮೇಲೆ ಬೀಳಬೇಕು.

ಯಂತ್ರಕ್ಕೆ ಏರಿಸಿದ ಕೂಡಲೇ ರೋಧ ಬಿದ್ದಿದೆ

ಇದಕ್ಕೆ ಒಂದೇ ಉತ್ತರ, ಶಾರ್ಟ್. ಯಂತ್ರ ಹಿಡಿದೆಳೆಯಲು ಅಲ್ಯೂಮಿನಿಯಂ ಬ್ಲಾಕನ್ನೋ ಹಿಂಜನ್ನೋ ತೋಳಿಗೆ ಅಂಟಿಸುವಾಗ ಒತ್ತಿದರೆ ಎಪಾಕ್ಸಿ ಪಕ್ಕಕ್ಕೆ ಸರಿದು ಎಳೆಗೆ ಲೋಹ ತಾಗುತ್ತದೆ. ಮೇಲೊಂದು ಕೆಳಗೊಂದು ಹೀಗೆ ತಾಗಿದರೆ ಯಂತ್ರದ ಉಕ್ಕಿನ ಕಂಬಗಳೇ ಎರಡು ತೋಳನ್ನೂ ಸೇರಿಸುವ ದಪ್ಪ ತಂತಿಯಾಗುತ್ತವೆ. ಅಂಟಿನ ನಡುವೆ ತೆಳುವಾದ ಗಾಜಿನ ಬಟ್ಟೆಯ ಒಂದು ಪದರ ಇಡಿ. ಅಂಟು ಗಟ್ಟಿಯಾದ ಮೇಲೆ ಬ್ಲಾಕಿಗೂ ತೋಳಿಗೂ ನಡುವೆ 10 ಮೆಗಾಓಮ್‌ಗಿಂತ ಹೆಚ್ಚು ಬರಬೇಕು. ಮೇಜಿನ ಮೇಲಿನ ರೋಧಕ್ಕೂ ಯಂತ್ರದಲ್ಲಿನ ರೋಧಕ್ಕೂ 0.1 ಶೇಕಡಾ ಮೀರಿ ವ್ಯತ್ಯಾಸ ಬಂದರೆ ಪರೀಕ್ಷೆ ಶುರು ಮಾಡಬೇಡಿ. ಒಂದೇ ಬ್ಲಾಕ್ ತಾಗಿದ್ದರೆ ರೋಧ ಬೀಳುವುದಿಲ್ಲ, ಆದರೆ ಯಂತ್ರದ ಅರ್ಥಿಂಗ್ ಮೂಲಕ ಗದ್ದಲ ಒಳಗೆ ಬರುತ್ತದೆ.

ರೋಧ ಮೆಟ್ಟಿಲು ಮೆಟ್ಟಿಲಾಗಿ ಹಾರುತ್ತಿದೆ

ಲೋಡ್ ನೋಡಿ. ರೋಧ ಏರಿದ ಅದೇ ಕ್ಷಣದಲ್ಲಿ ಲೋಡ್ ಬಿದ್ದಿದ್ದರೆ ಬಿರುಕು ನಿಜವಾಗಿ ಜಿಗಿದಿದೆ. ಕೆಲವು ರಾಳಗಳ ಗುಣವೇ ಅದು, ನಿಂತು ನಿಂತು ಜಿಗಿಯುತ್ತದೆ. ಲೋಡ್ ಕದಲದೆ ರೋಧ ಮಾತ್ರ ಹಾರಿದ್ದರೆ ಸಂಪರ್ಕ. ಹಾರಿದ್ದು ವಾಪಸ್ ಇಳಿದರಂತೂ ಖಂಡಿತ ಸಂಪರ್ಕ.

ಬಿರುಕು ಕದಲುವ ಮುನ್ನವೇ ರೋಧ ಬದಲಾಗುತ್ತಿದೆ

ತೋಳು ಬಾಗಿದಾಗ ಬಿರುಕಿನ ಕಡೆಯ ಮುಖ ಎಳೆತದಲ್ಲಿ, ಹೊರಮುಖ ಒತ್ತಡದಲ್ಲಿ ಇರುತ್ತದೆ. ಹಿಗ್ಗುಕುಗ್ಗಿಗೆ ಕಾಂಪೊಸಿಟ್ಟಿನ ರೋಧವೂ ಬದಲಾಗುತ್ತದೆ, ಆದ್ದರಿಂದ ಬಿರುಕಿಲ್ಲದೆಯೂ ಒಂದಿಷ್ಟು ಏರಿಳಿತ ಸಹಜ. ಇದು ಎಷ್ಟೆಂದು ತಿಳಿಯಲು ಬಿರುಕು ಕದಲುವ ಲೋಡಿನ ಸುಮಾರು ಅರ್ಧದವರೆಗೆ ಮೂರು ಸಲ ಏರಿಸಿ ಇಳಿಸಿ. ಏರುವಾಗ ಇಳಿಯುವಾಗ ಒಂದೇ ಗೆರೆಯ ಮೇಲೆ ಬಂದರೆ ಅದು ಹಿಗ್ಗುಕುಗ್ಗಿನ ಪರಿಣಾಮ, ಲೋಡಿಗೆ ತಕ್ಕಂತೆ ಕಳೆಯಬಹುದು. ಇಳಿಸಿದಾಗ ಮೊದಲಿನ ಬೆಲೆಗೆ ಬರದೆ ಮೇಲೆಯೇ ನಿಂತರೆ ಬ್ಲಾಕಿನ ಅಂಟೋ ತುದಿಯ ಸಂಪರ್ಕವೋ ಬಿಡುತ್ತಿದೆ. ಮೊದಲ ಏರಿಕೆಯಲ್ಲಿ ಮಾತ್ರ ಒಂದು ಸಣ್ಣ ಜಿಗಿತ ಬಂದು ಆಮೇಲೆ ಶಾಂತವಾದರೆ ಫಿಲ್ಮಿನ ಅಂಚಿಗೆ ಅಂಟಿದ್ದ ರಾಳ ಬಿಟ್ಟಿದೆ ಎಂದರ್ಥ. ಅದು ದೋಷವಲ್ಲ, ಆರಂಭದ ರೋಧವನ್ನು ಅದರ ನಂತರ ಬರೆದುಕೊಳ್ಳಿ.

ಕಣ್ಣಿಗೆ ಬಿರುಕು ಉದ್ದ, ರೋಧಕ್ಕೆ ಗಿಡ್ಡ

ಇದು ಅತಿ ಹೆಚ್ಚು ಕಾಡುವ ದೋಷ. ಅಪಾಯವೂ ಇದರಲ್ಲೇ ಹೆಚ್ಚು, ಏಕೆಂದರೆ ಇರುವ ಬಿರುಕನ್ನು ಕಮ್ಮಿ ಎಂದು ಹೇಳುತ್ತದೆ. ಕಾರಣ ಎರಡು.

ಮೊದಲನೆಯದು ಸೇತುವೆ ಎಳೆಗಳು. ಎಲ್ಲ ಎಳೆಯೂ ಒಂದೇ ದಿಕ್ಕಿಗಿರುವ ಪಟ್ಟಿಯಲ್ಲಿ ಪಕ್ಕದ ಪದರಗಳ ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಬಿರುಕು ಮುಂದೆ ಹೋದ ಮೇಲೂ ಮೊನೆಯ ಹಿಂದೆ ಕೆಲವು ಎಳೆಗಳು ಈ ತೋಳಿನಿಂದ ಆ ತೋಳಿಗೆ ದಾಟಿ ತುಂಡಾಗದೆ ಉಳಿಯುತ್ತವೆ. 7 ಮೈಕ್ರಾನ್ ದಪ್ಪದ ಒಂದೊಂದು ಎಳೆಯೂ ವಿದ್ಯುತ್ತಿಗೆ ಅಡ್ಡದಾರಿ. ಎರಡನೆಯದು ಮುಖಗಳ ಸ್ಪರ್ಶ: ಲೋಡ್ ಇಳಿಸಿದಾಗ ಬಾಯಿ ಮುಚ್ಚಿಕೊಂಡು ಮುಖಕ್ಕೆ ಮುಖ ತಾಗುತ್ತದೆ, ರೋಧ ಇಳಿಯುತ್ತದೆ. ಬಿರುಕು ಮಾಯಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಎರಡನ್ನೂ ಬೇರ್ಪಡಿಸುವುದು ಹೀಗೆ. ಬಾಯಿ ತೆರೆದ ಸ್ಥಿತಿಯಲ್ಲಿ ರೋಧ ಬರೆದುಕೊಳ್ಳಿ. ಲೋಡ್ ಪೂರ್ತಿ ಇಳಿಸಿ ಮತ್ತೆ ಬರೆದುಕೊಳ್ಳಿ. ಈಗ ವಿದ್ಯುತ್ ಹರಿಸದ 25 ಮೈಕ್ರಾನಿನ ಕ್ಯಾಪ್ಟಾನ್ ಫಿಲ್ಮನ್ನು ಬಾಯಿಯಿಂದ ಒಳಗೆ, ಎಳೆಗಳು ಅಡ್ಡ ಬರುವವರೆಗೆ ತೂರಿಸಿ. ರೋಧ ತೆರೆದ ಸ್ಥಿತಿಯ ಬೆಲೆಗೆ ಮರಳಿದರೆ ಇಳಿದದ್ದೆಲ್ಲ ಮುಖಗಳ ಸ್ಪರ್ಶ. ಪರಿಹಾರ ಸುಲಭ: ಲೋಡ್ ಇರುವಾಗ ಮಾತ್ರ ಅಳೆಯಿರಿ.

ಸೇತುವೆಯನ್ನು ಹಿಡಿಯಲು ಮಾದರಿಯೊಂದನ್ನು ಬಲಿ ಕೊಡಬೇಕು. ಬಾಯಿ ತೆರೆದು ಕ್ರಾಸ್‌ಹೆಡ್ (ಯಂತ್ರದ ಚಲಿಸುವ ಅಡ್ಡತೊಲೆ) ನಿಲ್ಲಿಸಿ, ಮೊನೆಯಿಂದ 5 ಮಿಮೀ ಹಿಂದಿನವರೆಗೆ ಕಾಣುವ ಎಳೆಗಳನ್ನು ತೆಳು ಅಲಗಿನಿಂದ ಅಂಚಿನಿಂದ ಅಂಚಿಗೆ ಕತ್ತರಿಸಿ. ಸೆರಾಮಿಕ್ ಅಲಗು ಒಳ್ಳೆಯದು, ಉಕ್ಕಿನದಾದರೆ ಹೊರತೆಗೆದ ಮೇಲಷ್ಟೇ ಅಳೆಯಿರಿ, ಇಲ್ಲವಾದರೆ ಅಲಗೇ ಶಾರ್ಟ್ ಆಗುತ್ತದೆ. ಕತ್ತರಿಸಿದ ಕೂಡಲೇ ರೋಧ ಮೇಲೇರಿ ಕಣ್ಣಿನ ಅಳತೆಗೆ ಹತ್ತಿರ ಬಂದರೆ ಸೇತುವೆಯೇ ಕಾರಣ. ಲೋಡ್ ಕೂಡ ಆಗ ಸ್ವಲ್ಪ ಇಳಿಯುತ್ತದೆ, ಆ ಎಳೆಗಳು ಭಾರವನ್ನೂ ಹೊತ್ತಿದ್ದವಲ್ಲ.

ಸೇತುವೆ ಬಲವಾಗಿರುವ ಪಟ್ಟಿಯಲ್ಲಿ ರೋಧವೊಂದನ್ನೇ ನಂಬಿ ಬಿರುಕಿನ ಉದ್ದ ಹೇಳುವುದು ಸರಿಯಲ್ಲ. ಎರಡನೇ ಸಾಕ್ಷಿ ಬೇಕು, ಅದು ಕೈಯಲ್ಲೇ ಇದೆ. ಬಾಯಿ ತೆರೆದ ಅಂತರವನ್ನು ಲೋಡಿನಿಂದ ಭಾಗಿಸಿದರೆ ಬಾಗುತನ ಸಿಗುತ್ತದೆ, ಅದರ ಘನಮೂಲ ಬಿರುಕಿನ ಉದ್ದದ ಜೊತೆ ನೇರ ಗೆರೆಯಲ್ಲಿ ಏರುತ್ತದೆ. ರೋಧದ ಉದ್ದ ಎಲ್ಲಕ್ಕಿಂತ ಕಮ್ಮಿ, ಬಾಗುತನದ್ದು ನಡುವೆ, ಅಂಚಿನಲ್ಲಿ ಕಣ್ಣಿಗೆ ಕಂಡದ್ದು ಎಲ್ಲಕ್ಕಿಂತ ಹೆಚ್ಚು, ಈ ಸರದಿ ಕಂಡರೆ ಸೇತುವೆ ಎಂದು ಬಹುಮಟ್ಟಿಗೆ ಹೇಳಬಹುದು.

ಇದಕ್ಕೆ ತಿರುಗು ಒಂದು ಸಣ್ಣ ವ್ಯತ್ಯಾಸವಿದೆ, ಅದಕ್ಕೆ ಹೆದರಬೇಡಿ. ಬಿರುಕಿನ ಮೊನೆ ಅಗಲಕ್ಕೆ ನೇರವಾಗಿರುವುದಿಲ್ಲ, ಹೆಬ್ಬೆರಳಿನ ಉಗುರಿನಂತೆ ನಡುವೆ ಸ್ವಲ್ಪ ಮುಂದಿರುತ್ತದೆ. ಕಣ್ಣು ನೋಡುವುದು ಅಂಚನ್ನು, ರೋಧ ಹೇಳುವುದು ಅಗಲದ ಸರಾಸರಿಯನ್ನು. ಆರಂಭದಿಂದ ಕೊನೆಯವರೆಗೆ ಒಂದೇ ಸಮ ಇರುವ ಮಿಲಿಮೀಟರಿನ ಆಸುಪಾಸಿನ ಅಂತರ ಅದು.

ಕೊನೆಕೊನೆಗೆ ರೋಧದ ಬಿರುಕು ಓಡಿಹೋಗುತ್ತದೆ

ಈ ದೋಷ ವೈರಿಂಗಿನಲ್ಲಿಲ್ಲ, ಸೂತ್ರದಲ್ಲಿದೆ. ಬಿರುಕಿನ ಮೊನೆಗೆ ಬಂದ ವಿದ್ಯುತ್ತು ತಕ್ಷಣ ಕೆಳತೋಳಿಗೆ ಇಳಿಯುತ್ತದೆ ಎಂದು ಭಾವಿಸಿದರೆ ರೋಧ ಮತ್ತು ಬಿರುಕು ನೇರ ಗೆರೆ. ಆದರೆ ಪದರದಿಂದ ಪದರಕ್ಕೆ ದಾಟುವುದು ಎಳೆಯುದ್ದಕ್ಕೆ ಓಡುವುದಕ್ಕಿಂತ ಸಾವಿರಾರು ಪಟ್ಟು ಕಷ್ಟ. ಹಾಗಾಗಿ ವಿದ್ಯುತ್ತು ಮೊನೆಯಾಚೆಗೂ ಮುಂದುವರಿದು, ದಾರಿಯುದ್ದಕ್ಕೂ ಅಷ್ಟಷ್ಟೇ ಕೆಳಗೆ ಸೋರುತ್ತದೆ. ಸೋರಿ ಇಳಿಯಲು ಬೇಕಾಗುವ ಉದ್ದವನ್ನು ಹರಡುದ್ದ ಎನ್ನೋಣ. ದಪ್ಪದ ದಿಕ್ಕಿನ ರೋಧಕತೆ 0.1 ಓಮ್-ಮೀಟರ್ ಇದ್ದರೆ ಮೇಲಿನ ಪಟ್ಟಿಗೆ ಹರಡುದ್ದ ಸುಮಾರು 61 ಮಿಮೀ ಬರುತ್ತದೆ. ಬಿರುಕು ಮುಟ್ಟದೆ ಉಳಿದ ಪಟ್ಟಿಯೇ ಒಟ್ಟು 75 ಮಿಮೀ!

ಬಳಸಬೇಕಾದ ಲೆಕ್ಕ ಇದು:

ರೋಧ = ಮಿಮೀ ಒಂದರ ರೋಧ × { ಬಿರುಕಿನ ಉದ್ದ + ಹರಡುದ್ದ ÷ ಟ್ಯಾನ್‌ಎಚ್ (ಉಳಿದ ಉದ್ದ ÷ ಹರಡುದ್ದ) }

ಟ್ಯಾನ್‌ಎಚ್ ಅಂದರೆ ಹೈಪರ್ಬಾಲಿಕ್ ಟ್ಯಾಂಜೆಂಟ್, ಯಾವ ಸ್ಪ್ರೆಡ್‌ಶೀಟಿನಲ್ಲೂ ಇದೆ. ಬಿರುಕು 50 ಮಿಮೀ, ಉಳಿದದ್ದು 75 ಮಿಮೀ ಇರುವಾಗ ರೋಧ 196 ಮಿಲಿಓಮ್, ಪ್ರತಿ ಮಿಮೀಗೆ ಏರಿಕೆ 2.25 ಮಿಲಿಓಮ್. ಬಿರುಕು 95 ಮಿಮೀ ಮುಟ್ಟಿ 30 ಮಿಮೀ ಉಳಿದಾಗ ರೋಧ 366, ಏರಿಕೆ ಮಿಮೀಗೆ ಸುಮಾರು 7.7. ಆರಂಭದ ಏರಿಕೆಯನ್ನೇ ಹಿಡಿದು ನೇರ ಗೆರೆಯಲ್ಲಿ ಲೆಕ್ಕ ಹಾಕಿದರೆ ಬಿರುಕು ಸುಮಾರು 76 ಮಿಮೀ ಬೆಳೆಯಿತೆಂದು ಬರುತ್ತದೆ. ನಿಜವಾಗಿ ಬೆಳೆದದ್ದು 45.

ಹರಡುದ್ದವನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ. ದಪ್ಪದ ದಿಕ್ಕಿನ ರೋಧಕತೆ ಎಳೆಯ ಪ್ರಮಾಣ, ಒತ್ತಡ, ಪದರಗಳ ನಡುವಿನ ರಾಳದ ದಪ್ಪ ಇವುಗಳಿಂದ ಹತ್ತು ಪಟ್ಟು ಅತ್ತಿತ್ತ ಆಗಬಹುದು. ಗಟ್ಟಿತನಕ್ಕೆಂದು ಪದರಗಳ ನಡುವೆ ಪ್ಲಾಸ್ಟಿಕ್ ಕಣ ಸೇರಿಸಿದ ಪ್ರಿಪ್ರೆಗ್‌ಗಳಲ್ಲಿ (ರಾಳ ಮೊದಲೇ ಹೀರಿಸಿಟ್ಟ ಎಳೆಯ ಹಾಳೆಗಳಲ್ಲಿ) ಅದು ಇನ್ನೂ ಹೆಚ್ಚು. ಅದೇ ಹಾಳೆಯಿಂದ ಕತ್ತರಿಸಿದ, 40, 60, 80 ಮಿಮೀ ಉದ್ದದ ಫಿಲ್ಮ್ ಇಟ್ಟ ಮೂರು ಪಟ್ಟಿಗಳ ರೋಧ ಅಳೆದು ಮಿಮೀ ಒಂದರ ರೋಧ, ಹರಡುದ್ದ ಎರಡನ್ನೂ ಹೊಂದಿಸಿ. ಫಿಲ್ಮ್ ಇರುವ ಕಡೆ ಸೇತುವೆ ಎಳೆ ಇರುವುದಿಲ್ಲ, ಅದೇ ಅದರ ಅನುಕೂಲ.

ಹಿಂದಿನ ದೋಷವನ್ನೂ ಇದನ್ನೂ ಒಟ್ಟಿಗೆ ಇಟ್ಟು ನೋಡಿ. ಸೇತುವೆ ಬಿರುಕನ್ನು ಗಿಡ್ಡ ಮಾಡಿ ತೋರಿಸುತ್ತದೆ, ನೇರ ಗೆರೆಯ ಲೆಕ್ಕ ಉದ್ದ ಮಾಡಿ ತೋರಿಸುತ್ತದೆ. ಎರಡೂ ಇದ್ದರೆ ಒಂದನ್ನೊಂದು ನುಂಗಿ, ಕಣ್ಣಿನ ಅಳತೆಗೆ ಚೆನ್ನಾಗಿ ಹೊಂದುವ ನಕ್ಷೆ ಬರುವುದುಂಟು. ಅಂಥ ನಕ್ಷೆ ಕಂಡಾಗಲೇ ಹೆಚ್ಚು ಅನುಮಾನಪಡಬೇಕು: ಬೇರೆ ದಪ್ಪದ ಅಥವಾ ಬೇರೆ ಉದ್ದದ ಪಟ್ಟಿ ಹಾಕಿದ ದಿನ ಹೊಂದಾಣಿಕೆ ಒಡೆಯುತ್ತದೆ, ದೋಷವನ್ನು ಹೊಸ ಪಟ್ಟಿಯಲ್ಲಿ ಹುಡುಕುತ್ತಾ ಕೂರಬೇಕಾಗುತ್ತದೆ. ಸೂತ್ರವನ್ನು ಫಿಲ್ಮ್ ಪಟ್ಟಿಗಳಲ್ಲಿ ಮೊದಲು ಸರಿಮಾಡಿ, ಆಮೇಲೆ ಉಳಿಯುವ ವ್ಯತ್ಯಾಸವನ್ನು ಮಾತ್ರ ಸೇತುವೆಯ ಲೆಕ್ಕಕ್ಕೆ ಬರೆಯಿರಿ.

ಗಾಜಿನ ಎಳೆ, ನ್ಯಾನೊಟ್ಯೂಬ್ ಬೆರೆಸಿದ ರಾಳ

ಗಾಜು ವಿದ್ಯುತ್ ಹರಿಸದು. ಎಪಾಕ್ಸಿಗೆ ತೂಕದಲ್ಲಿ ಶೇಕಡಾ ಅರ್ಧದೊಳಗೆ ಕಾರ್ಬನ್ ನ್ಯಾನೊಟ್ಯೂಬ್ ಬೆರೆಸಿದರೆ ರಾಳವೇ ವಾಹಕವಾಗುತ್ತದೆ. ಇಲ್ಲಿ ಮೇಲೆ ಕೆಳಗೆ ಪೂರ್ತಿ ಉದ್ದಕ್ಕೆ ಸಿಲ್ವರ್ ಬಳಿದು ದಪ್ಪದ ದಿಕ್ಕಿನಲ್ಲಿ ಅಳೆಯುತ್ತಾರೆ. ರೋಧ ಉಳಿದ ಉದ್ದಕ್ಕೆ ವಿಲೋಮ. ಮೇಲಿನ ಸೂತ್ರದಲ್ಲಿ ಹರಡುದ್ದ ಪಟ್ಟಿಗಿಂತ ಬಹಳ ದೊಡ್ಡದಾದಾಗ ಬರುವುದೂ ಇದೇ ಬಗೆಯ ವಿಲೋಮ ಸಂಬಂಧ. ಒಟ್ಟು ರೋಧ ಕಿಲೋಓಮ್‌ಗಳಲ್ಲಿ ಇರುವುದರಿಂದ ತಂತಿಯ ರೋಧದ ಚಿಂತೆ ಇಲ್ಲ, ಸಂಪರ್ಕದ ರೋಧದ ಚಿಂತೆ ಇದೆ.

1600 ಓಮಿನ ಪಟ್ಟಿಗೆ 160 ಓಮ್ ಸಂಪರ್ಕ ಸೇರಿದೆ ಎನ್ನಿ. ಉಳಿದ ಉದ್ದ 75ರಿಂದ 45 ಮಿಮೀಗೆ ಇಳಿದಾಗ ಮೀಟರ್ 1760ರಿಂದ 2827ಕ್ಕೆ ಏರುತ್ತದೆ. ಸಂಪರ್ಕ ಕಳೆಯದೆ ಲೆಕ್ಕ ಹಾಕಿದರೆ ಉಳಿದದ್ದು 46.7 ಮಿಮೀ, ಬಿರುಕು 1.7 ಮಿಮೀ ಗಿಡ್ಡ. ಬಳಿಯುವ ಮುನ್ನ ಮೇಲ್ಮೈಯ ರಾಳವನ್ನು ಹೊಳಪು ಹೋಗುವವರೆಗೆ ಉಜ್ಜಿ. ಬಾಗುವ ಮೇಲ್ಮೈಯಲ್ಲಿ ಗಟ್ಟಿ ಸಿಲ್ವರ್ ಪೇಂಟ್ ಅಡ್ಡಡ್ಡ ಸೀಳುತ್ತದೆ, ಆಗ ಪಟ್ಟಿಯ ಒಂದು ಭಾಗವೇ ಲೆಕ್ಕದಿಂದ ಹೊರಗೆ. ಪರೀಕ್ಷೆ ಮುಗಿದ ಮೇಲೆ ಬಳಿದ ಪದರದ ಎರಡು ತುದಿಗಳ ನಡುವೆ ಅಳೆದರೆ ಸೀಳಿದ್ದು ಗೊತ್ತಾಗುತ್ತದೆ.

ಒಂದೇ ಹಾಳೆಯ ಪಟ್ಟಿಗಳಲ್ಲಿ ರೋಧ ಎರಡು ಮೂರು ಪಟ್ಟು ವ್ಯತ್ಯಾಸ ಬಂದರೆ ರಾಳ ಹರಿಸಿದ ರೀತಿ ನೋಡಿ. ವ್ಯಾಕ್ಯೂಮಿನಲ್ಲಿ ಎಳೆದಾಗ ಬಟ್ಟೆಯೇ ಜರಡಿಯಾಗಿ ನ್ಯಾನೊಟ್ಯೂಬುಗಳನ್ನು ರಾಳ ಒಳಬರುವ ಕಡೆ ತಡೆದುಬಿಡುತ್ತದೆ. ಆ ತುದಿ ಕಪ್ಪಾಗಿ, ಇನ್ನೊಂದು ತುದಿ ಬೂದಿ ಬಣ್ಣಕ್ಕೆ ಇರುವುದು ಬರಿಗಣ್ಣಿಗೇ ಕಾಣುತ್ತದೆ. ಅಂಥ ಪಟ್ಟಿಗೆ ಯಾವ ಸೂತ್ರವೂ ಹೊಂದದು. ಹಾಳೆ ಬಿಸಾಡಿ, ಕೈಯಿಂದ ಪದರ ಪದರವಾಗಿ ರಾಳ ಬಳಿದು ಮತ್ತೆ ಮಾಡಿ.

ಇನ್ನೆರಡು ಪರೀಕ್ಷೆ: 1 ವೋಲ್ಟ್ ಮತ್ತು 10 ವೋಲ್ಟ್‌ನಲ್ಲಿ ರೋಧ ಒಂದೇ ಬರಬೇಕು, ಬರದಿದ್ದರೆ ಕಡಿಮೆ ವೋಲ್ಟಿಗೆ ಇಳಿದು ಅಲ್ಲೇ ನಿಲ್ಲಿ. ವೋಲ್ಟ್ ಕೊಟ್ಟ ಮೇಲೆ ರೀಡಿಂಗ್ ಕೆಲವು ನಿಮಿಷ ಸರಿಯುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಕರಾವಳಿಯ ಮಳೆಗಾಲದಲ್ಲಿ ರಾಳ ತೇವ ಕುಡಿಯುತ್ತದೆ, ಮಾದರಿಗಳನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಟ್ಟು ಎಲ್ಲವನ್ನೂ ಒಂದೇ ಸ್ಥಿತಿಯಲ್ಲಿ ಅಳೆಯಿರಿ.

ಫಟೀಗ್ ಪರೀಕ್ಷೆಯಲ್ಲಿ

ಇಲ್ಲಿ ಲೋಡನ್ನು ಸುತ್ತು ಸುತ್ತಾಗಿ ಏರಿಸಿ ಇಳಿಸುತ್ತಲೇ ಇರುತ್ತಾರೆ. 10 ಹರ್ಟ್ಸ್ ಸುತ್ತಿನಲ್ಲಿ ಒಂದು ಸುತ್ತು 100 ಮಿಲಿಸೆಕೆಂಡ್. ಮೀಟರಿನ 20 ಮಿಲಿಸೆಕೆಂಡಿನ ಓದು ಸುತ್ತಿನ ಐದನೇ ಒಂದು ಭಾಗವನ್ನು ಕಲಸಿಬಿಡುತ್ತದೆ, ಯಾವ ಲೋಡಿನ ರೋಧ ಎಂಬುದೇ ತಿಳಿಯದು. ಗೊತ್ತುಪಡಿಸಿದ ಸುತ್ತುಗಳಿಗೊಮ್ಮೆ ನಿಲ್ಲಿಸಿ, ಬಾಯಿ ತೆರೆದಿರುವ ಸರಾಸರಿ ಲೋಡಿನಲ್ಲಿ, ದಿಕ್ಕು ತಿರುಗಿಸುತ್ತಾ ಓದಿ. ನಿಲ್ಲಿಸಿದ ಕೂಡಲೇ ಒಂದು ಓದು, ಐದು ನಿಮಿಷ ಬಿಟ್ಟು ಇನ್ನೊಂದು: ವ್ಯತ್ಯಾಸವಿದ್ದರೆ ಸುತ್ತುಗಳಿಂದ ಪಟ್ಟಿ ಬಿಸಿಯಾಗಿತ್ತು. ಪಟ್ಟಿಯ ಮೇಲೆ ಕ್ಯಾಪ್ಟಾನ್ ಟೇಪಿನ ಮೇಲೊಂದು ಥರ್ಮೋಕಪಲ್ (ಬಿಸಿ ಅಳೆಯುವ ತಂತಿ ಜೋಡಿ) ಕೂರಿಸಿ, ಬಿರುಕು ಕದಲದ ಪಟ್ಟಿಯನ್ನು ಕೆಲವು ಡಿಗ್ರಿ ಬಿಸಿಮಾಡಿ ಡಿಗ್ರಿಗೆ ಎಷ್ಟು ರೋಧ ಬದಲಾಗುತ್ತದೆ ಎಂದು ಮೊದಲೇ ಅಳೆದಿಟ್ಟುಕೊಳ್ಳಿ.

ಮೂರು ಬಿಂದುವಿನ ಮೇಲೆ ಬಾಗಿಸಿ ಪದರ ಜಾರಿಸುವ ಇಎನ್‌ಎಫ್ ಪರೀಕ್ಷೆಗೆ ಈ ವಿಧಾನವನ್ನು ಬರಿ ಕಾರ್ಬನ್ ಪಟ್ಟಿಯಲ್ಲಿ ಬಳಸದಿರುವುದೇ ಮೇಲು. ಅಲ್ಲಿ ಬಾಯಿ ತೆರೆಯುವುದೇ ಇಲ್ಲ. ಬಿರುಕಿನ ಮುಖಗಳು ಒಂದಕ್ಕೊಂದು ಉಜ್ಜಿಕೊಂಡೇ ಇರುತ್ತವೆ, ಉಜ್ಜಿ ಉದುರಿದ ಕಾರ್ಬನ್ ಪುಡಿ ಕೂಡ ವಿದ್ಯುತ್ ಹರಿಸುತ್ತದೆ. ಅದೇ ಪುಡಿ ಕತ್ತರಿಸುವ ಕೋಣೆಯಿಂದ ಹಾರಿ ಮೀಟರಿನ ಫ್ಯಾನಿನೊಳಗೂ ಸೇರುತ್ತದೆ, ಆದ್ದರಿಂದ ಪಟ್ಟಿ ಕತ್ತರಿಸುವುದು ನೀರು ಹಾಕಿಕೊಂಡು, ಮೀಟರ್ ಇಲ್ಲದ ಕೋಣೆಯಲ್ಲಿ.